ಗ್ಯಾಸಿನ ಚೀಲ ಕಾದ ರಸೂಲಬಿ

ನರಗುಂದದ ಉಳ್ಳಾಗಡ್ಡಿ ಕಾರ್ಖಾನೆಯಲ್ಲಿ ಕಸ ಗುಡಿಸುತ್ತಿದ್ದ ಗೌರವ್ವ, ರಸೂಲಬಿಯ ಹೆಸರು ಮೊದಲು ಕೇಳಿದ್ದು, ಹಿಂದಿನ ಅಂಗಳದಲ್ಲಿ ದೊಡ್ಡ ಗ್ಯಾಸಿನ ಚೀಲ ಕೂಡಿಸಿದ ದಿನ. ಸಿಪ್ಪೆ, ಕೊಳೆತದ್ದು ಎಲ್ಲ ತೊಟ್ಟಿಗೆ ಬಿದ್ದು, ಅದರಿಂದ ಹುಟ್ಟಿದ ಗ್ಯಾಸು ಆ ರಬ್ಬರ್ ಚೀಲದಲ್ಲಿ ತುಂಬುತ್ತಿತ್ತು. ಅದು ಸೋರದಂತೆ ಕಾಯಲು ಯಾವಗಲ್ ಎಂಬ ಊರಿನಿಂದ ರಸೂಲಬಿ ಎಂಬ ಹೆಂಗಸು ಬರುತ್ತಾಳೆ, ಉಳ್ಳಾಗಡ್ಡಿಯ ಘಾಟಿನಲ್ಲೂ ಗ್ಯಾಸಿನ ವಾಸನೆ ಬೇರೆ ಮಾಡಿ ಹೇಳುತ್ತಾಳಂತೆ ಎಂದು ಸುದ್ದಿಯಾಯಿತು.

"ಹಂಗಾರ ನಮ್ಮ ಮನ್ಯಾಗ ಸಾರು ಸೀದರೂ ಇಲ್ಲಿಂದನ ಹೇಳತಾಳ ಬಿಡು," ಎಂದು ಉಳ್ಳಾಗಡ್ಡಿ ಹೆಚ್ಚುವ ಕವಿತಾ ನಕ್ಕಳು.

ಎರಡು ವರ್ಷ ರಸೂಲಬಿಯ ಮೂಗು ಒಮ್ಮೆಯೂ ತಪ್ಪಲಿಲ್ಲ. ಆಮೇಲೆ ಒಂದು ಜ್ವರ ಬಂತು. ಜ್ವರ ಹೋಯಿತು, ವಾಸನೆ ತಿರುಗಿ ಬರಲಿಲ್ಲ. ಅದನ್ನು ಅವಳು ಹೇಳಿದ್ದು ಗೌರವ್ವನೊಬ್ಬಳಿಗೇ. ಗೊತ್ತಾದರೆ ಕೆಲಸ ಹೋಗುತ್ತದೆ; ಹಾಸಿಗೆ ಹಿಡಿದ ಗಂಡ ಅಲ್ಲಾಸಾಬನಿಗೆ ಅದೊಂದೇ ಆಸರೆ.

ಅಂದಿನಿಂದ ಗೌರವ್ವ ಗುಡಿಸುವ ನೆಪದಲ್ಲಿ ಚೀಲದ ಸುತ್ತ ಬರುವಳು. ವಾಸನೆ ಬಡಿದಲ್ಲಿ ಸೆರಗು ಕೊಡವುವಳು. ರಸೂಲಬಿ ಅಲ್ಲಿಗೆ ಹೋಗಿ ಸಾಬೂನಿನ ನೊರೆ ಹಚ್ಚಿ, ಗುಳ್ಳೆ ಏಳುವ ಜಾಗ ಹಿಡಿಯುವಳು. ಚೀಲದ, ಪೈಪುಗಳ ಎಲ್ಲ ಜೋಡಣೆಗೂ ನೊರೆ ಹಚ್ಚಲು ಅರ್ಧ ದಿನ ಬೇಕು. ಅಷ್ಟು ಹೊತ್ತು ಕೂತರೆ ಮೂಗಿಗೇನಾಯಿತೆಂದು ಕೇಳುತ್ತಾರೆ. ಗೌರವ್ವ ಒಂದು ದಿನ ರಜೆ ಹಾಕುವಂತಿರಲಿಲ್ಲ. ತಂಗಿಯ ಮಗಳ ಮದುವೆಗೂ ಇಟಗಿಗೆ ಹೋಗಲಿಲ್ಲ. ಬಾಯಿ ಬಿಟ್ಟರೆ ಗೆಳತಿ ಬೀದಿಗೆ, ಬಿಡದಿದ್ದರೆ ಒಂದು ದಿನ ಎಲ್ಲರೂ ಬೂದಿ.

ಪ್ರತಿ ಅಮಾವಾಸ್ಯೆ ಯಂತ್ರಗಳಿಗೆ ಪೂಜೆ. ಒಂದೊಂದಕ್ಕೂ ಕರ್ಪೂರ ಬೆಳಗಿ, ಕೊನೆಗೆ ಚೀಲದ ಮುಂದೆಯೂ ಬೆಳಗುತ್ತಿದ್ದರು. ಅದಕ್ಕೂ ಮೊದಲು ರಸೂಲಬಿ ವಾಸನೆ ನೋಡಿ ಸರಿ ಎನ್ನಬೇಕು. ಒಂದು ಅಮಾವಾಸ್ಯೆ ಗೌರವ್ವನಿಗೆ ನೆಗಡಿಯಾಗಿ ಮೂಗು ಕಟ್ಟಿತ್ತು. ಮ್ಯಾನೇಜರ ಅನಿಲಕುಮಾರ ಕಡ್ಡಿಪೆಟ್ಟಿಗೆ ಹಿಡಿದು, ವಾಸನೆ ಇದೆಯೇ ಎಂದು ಕೇಳಿದರು. ರಸೂಲಬಿ ಗೌರವ್ವನತ್ತ ನೋಡಿದಳು. ಗೌರವ್ವ ತನ್ನ ಮೂಗು ಮುಟ್ಟಿ ತಲೆ ಅಲ್ಲಾಡಿಸಿದಳು.

"ಕಡ್ಡಿ ಗೀರಬ್ಯಾಡ್ರಿ ಸಾಹೇಬ್ರ," ಎಂದಳು ರಸೂಲಬಿ. "ನನಗ ವಾಸನಿ ಬರಂಗಿಲ್ಲ. ವರ್ಷದ ಮ್ಯಾಲಾತು."

ನೊರೆ ಹಚ್ಚಿ ನೋಡಿದರೆ ಪೈಪು ಕೂಡುವಲ್ಲಿ ಗುಳ್ಳೆಗಳು ಬುಳುಬುಳು ಎದ್ದವು. ಪೈಪು ಬಿಗಿ ಮಾಡಿಸಿದರು. ಮಧ್ಯಾಹ್ನಕ್ಕೆ ಅವಳನ್ನು ಕೆಲಸದಿಂದ ತೆಗೆದರು, ಇಷ್ಟು ದಿನ ವಾಸನೆ ಹಿಡಿದವಳು ಗೌರವ್ವ ಎಂದು ತಿಳಿದು ಆ ಜಾಗಕ್ಕೆ ಅವಳನ್ನೇ ಕರೆದರು. ಗೌರವ್ವ ಗೇಟಿನ ತನಕ ರಸೂಲಬಿಯ ಹಿಂದೆ ಹೋಗಿ, ತಾನೂ ಕೆಲಸ ಬಿಡುತ್ತೇನೆ ಎಂದಳು.

ರಸೂಲಬಿ ಅವಳ ಕೈ ಹಿಡಿದಳು.

"ಒಲ್ಲೆ ಅನಬ್ಯಾಡ ಗೌರಕ್ಕಾ. ಮೂಗು ಒಂದಿನ ಕೈ ಕೊಡತೈತಿ. ವಾಸನಿ ಬರಲಿ ಬಿಡಲಿ, ದಿನಾ ಎಲ್ಲಾ ಜೋಡಣಿಗೂ ನೊರಿ ಹಚ್ಚು. ಹಚ್ಚತೇನಿ ಅಂತ ಹೇಳು ನನಗ."