ಚಿತ್ರವನ್ನು ಅಕ್ಷರ ಮಾಡಿದ ಸರೋಜಿನಿಯಕ್ಕ

ಸರೋಜಿನಿಯಕ್ಕ ಕಂಪ್ಯೂಟರನ್ನು ಬೈಯುತ್ತಿದ್ದುದು ಮಲಯಾಳದಲ್ಲಿ, ಮುದ್ದು ಮಾಡುತ್ತಿದ್ದುದು ಕನ್ನಡದಲ್ಲಿ. ಗೋಣಿಕೊಪ್ಪಲಿನಲ್ಲಿದ್ದ ಅವರ ಡಿಟಿಪಿ ಅಂಗಡಿಯ ಮೆಟ್ಟಿಲು ಹತ್ತುವಾಗಲೇ ಒಳಗೆ ಕೆಲಸ ಹೇಗೆ ಸಾಗಿದೆಯೆಂದು ನನಗೆ ತಿಳಿದುಹೋಗುತ್ತಿತ್ತು. ಅವರ ಮುಖವನ್ನು ನಾನು ಕಂಡವಳಲ್ಲ. ಪಿಯುಸಿ ಮುಗಿಯುವ ಹೊತ್ತಿಗೇ ನನ್ನ ಕಣ್ಣು ಪೂರ್ತಿ ಹೋಗಿತ್ತು. ನನ್ನ ಪಾಲಿಗೆ ಅವರೆಂದರೆ ಗಾಜಿನ ಬಳೆಗಳ ಸದ್ದು, ಕೊಬ್ಬರಿ ಎಣ್ಣೆಯ ವಾಸನೆ, ಯಾವುದಕ್ಕೂ ‘ಆಗಲ್ಲ’ ಎನ್ನದ ದೊಡ್ಡ ಗಂಟಲು.

ನಾನಾಗ ಬಿಟ್ಟಂಗಾಲದಿಂದ ಕಾಲೇಜಿಗೆ ಬರುತ್ತಿದ್ದೆ. ಡಿಗ್ರಿಯ ಕೊನೆಯ ವರ್ಷ. ಇತಿಹಾಸದ ಮೇಷ್ಟ್ರು ತಮ್ಮ ಹಳೆಯ ಅಚ್ಚಿನ ಟಿಪ್ಪಣಿಗಳನ್ನೆಲ್ಲ ಸ್ಕ್ಯಾನ್ ಮಾಡಿಸಿ ತರಗತಿಗೆ ಹಂಚಿದ್ದರು. ಡಿಜೆವಿಯು ಎಂಬ ಜಾತಿಯ ಫೈಲು, ಪುಟಪುಟವೂ ಫೋಟೊ. ಗೆಳತಿಯರು ಓದಿಕೊಂಡರು. ತೆರೆಯ ಮೇಲಿನ ಅಕ್ಷರವನ್ನು ನನಗೆ ಗಟ್ಟಿಯಾಗಿ ಓದಿ ಹೇಳಬೇಕಾದ ಲ್ಯಾಪ್‌ಟಾಪ್ ಅದನ್ನು ತೆರೆಯಲೇ ಇಲ್ಲ. ಬೇರೆ ಅಂಗಡಿಯವರು ಪಿಡಿಎಫ್ ಮಾಡಿಕೊಟ್ಟರು. ಆಗ ಲ್ಯಾಪ್‌ಟಾಪ್ ‘ಚಿತ್ರ, ಚಿತ್ರ’ ಎಂದಷ್ಟೇ ಹೇಳಿ ಸುಮ್ಮನಾಯಿತು. ಪರೀಕ್ಷೆ ಹತ್ತಿರವಿತ್ತು. ಈ ವರ್ಷದ ಪರೀಕ್ಷೆ ಕೈಬಿಡುವುದೇ ಸರಿ ಎಂದುಕೊಂಡೇ ಕೊನೆಯ ಪ್ರಯತ್ನಕ್ಕೆ ಅಕ್ಕನ ಅಂಗಡಿಗೆ ಹೋಗಿ ಹಾಗೆಂದೇ ಹೇಳಿದೆ.

“ಬಿಡೋದಾ? ಯಾಕೆ ಮೋಳೇ?” ಎಂದರು. ಅವರ ಮಾತಿನಲ್ಲಿ ಮೋಳೇ ಎಂದರೆ ಮಗಳೇ. “ಅಕ್ಷರ ಒಳಗೇ ಉಂಟಲ್ಲ. ಹೊರಗೆ ಕರೆಯೋರು ಬೇಕು, ಅಷ್ಟೇ. ಕೂತ್ಕೋ.”

ಚಿತ್ರದಿಂದ ಅಕ್ಷರ ಗುರುತಿಸುವ ಸಾಫ್ಟ್‌ವೇರಿಗೆ ಅವರು ಪುಟಗಳನ್ನು ಒಂದೊಂದಾಗಿ ಕೊಟ್ಟರು. ಅದು ಅಲ್ಲಲ್ಲಿ ಒತ್ತಕ್ಷರಗಳನ್ನು ನುಂಗುತ್ತಿತ್ತು. ಹೀಗಾಗಿ ಕೆಲಸ ಹಂಚಿಕೊಂಡೆವು: ಯಂತ್ರ ಓದುವುದು, ನಾನು ಕಿವಿಗೊಟ್ಟು ತಪ್ಪು ಹಿಡಿಯುವುದು, ಅಕ್ಕ ಮೂಲದ ಪುಟ ನೋಡಿ ತಿದ್ದುವುದು. ಒಂದು ಮಧ್ಯಾಹ್ನ ಯಂತ್ರ ಗಂಭೀರವಾಗಿ ಓದಿತು: “ಅರಸನಿಗೆ ಪಟ ಕಟ್ಟಿದರು.”

“ಏನು! ಗಾಳಿಪಟವಾ?” ಎಂದು ಅಕ್ಕ ಮೇಜು ಬಡಿದು ನಕ್ಕರು. “ಪಾಪ, ಸಿಂಹಾಸನದ ಮೇಲೆ ಕೂರಿಸೋ ಬದಲು ಹಾರಿಸಿಬಿಟ್ರು!” ಆ ವರ್ಷವೆಲ್ಲ ನಾನು ಹಾಗೆ ನಕ್ಕಿರಲಿಲ್ಲ.

ತಿದ್ದಿದ್ದನ್ನೆಲ್ಲ ಅವರು ಓಡಿಟಿ ಫೈಲಾಗಿಯೇ ಉಳಿಸುತ್ತಿದ್ದರು. ಏಕೆಂದು ಕೇಳಿದೆ. “ಈ ಜಾತಿ ಫೈಲು ಯಾವ ಕಂಪನಿಯ ಸ್ವತ್ತೂ ಅಲ್ಲ ಮೋಳೇ. ಯಾವ ಕಂಪ್ಯೂಟರಲ್ಲೂ ತೆರೀಬಹುದು, ತಿದ್ದಬಹುದು. ನಿನ್ನ ಪಾಠಕ್ಕೆ ನೀನು ನನ್ನ ಅಂಗಡಿ ಬಾಗಿಲು ಕಾಯಬಾರದು” ಎಂದರು.

ವಿಷಯ ಮೇಷ್ಟ್ರ ಕಿವಿಗೆ ಬಿತ್ತು. ಸಿಟ್ಟಿನಲ್ಲೇ ಅಂಗಡಿಗೆ ಬಂದರು. “ಫೋಟೊ ಆಗಿದ್ರೆ ಒಂದಕ್ಷರ ಆಚೀಚೆ ಆಗಲ್ಲ. ಇದನ್ನ ಯಾರು ಬೇಕಾದ್ರೂ ಕೆಡಿಸಬಹುದಲ್ರೀ! ಎಲ್ಲ ಅಳಿಸಿಬಿಡಿ.”

ಅಕ್ಕ ವಾದಕ್ಕೆ ಇಳಿಯಲಿಲ್ಲ. “ಅಳಿಸೋಣ ಸಾರ್. ಮೊದಲು ಸ್ವಲ್ಪ ಕೇಳಿ” ಎಂದು ಕುರ್ಚಿ ಎಳೆದುಕೊಟ್ಟರು. ಮೊದಲು ಪಿಡಿಎಫ್ ಮಾಡಿದ ಮೂಲ ಪುಟಗಳನ್ನು ಯಂತ್ರಕ್ಕೆ ಕೊಟ್ಟರು. ಚಿತ್ರ, ಚಿತ್ರ, ಚಿತ್ರ. ಆಮೇಲೆ ನಾವು ತಿದ್ದಿದ್ದನ್ನು ಹಾಕಿದರು. ಮೇಷ್ಟ್ರ ವಾಕ್ಯಗಳು ಒಂದರ ಹಿಂದೊಂದು ಬಂದವು.

“ಇಷ್ಟು ದಿನ ನನ್ನ ಪಾಠ ಇವಳಿಗೆ ಸಿಕ್ಕೇ ಇರಲಿಲ್ವಾ?” ಎಂದರು ಮೇಷ್ಟ್ರು. ಮರುದಿನದಿಂದ ಅಕ್ಕನ ಪಕ್ಕದಲ್ಲಿ ಕೂತು ತಾವೇ ಪುಟ ನೋಡಿ ತಿದ್ದಿಸಿದರು. ನಾನು ಪರೀಕ್ಷೆ ಬರೆದೆ, ಒಳ್ಳೆಯ ಅಂಕಗಳಲ್ಲೇ ಪಾಸಾದೆ. ಆಮೇಲೆ ಬಿಎಡ್ ಕೂಡ ಮುಗಿಸಿದೆ.

ತಮ್ಮ ತಂಗಿಗೆ ಕಾಯಿಲೆಯೆಂದು ಅಕ್ಕ ಅಂಗಡಿ ಮುಚ್ಚಿ ಕಣ್ಣೂರಿಗೆ ಹೊರಟ ದಿನ ಬಸ್‌ಸ್ಟ್ಯಾಂಡಿಗೆ ಹೋಗಿದ್ದೆ. ಶ್ರೀಮಂಗಲದ ಶಾಲೆಯಲ್ಲಿ ನನಗೆ ಕೆಲಸ ಸಿಕ್ಕ ಸುದ್ದಿ ಹೇಳಿದೆ. ಅವರು ನನ್ನ ಎರಡೂ ಕೈ ಹಿಡಿದುಕೊಂಡರು.

“ಟೀಚರಮ್ಮಾ, ಮಕ್ಕಳು ಬರೆದದ್ದನ್ನ ನಿಂಗೆ ಯಾರು ಓದಿ ಹೇಳ್ತಾರೆ?”

“ಅವರೇ ಅಕ್ಕ. ಎದ್ದು ನಿಂತು, ಇಡೀ ಕ್ಲಾಸಿಗೆ ಕೇಳೋ ಹಾಗೆ.”

“ಹಾಗಾದ್ರೆ ನಂಗೂ ಒಂದು ದಿನ ಫೋನಲ್ಲಿ ಕೇಳಿಸು” ಎಂದು ಬಸ್ಸು ಹತ್ತಿದರು.

ಎರಡು ಸಲ ಕೇಳಿಸಿದೆ. ಮೂರನೆಯ ಸಲ ಫೋನ್ ಎತ್ತಿದ್ದು ಅವರ ತಂಗಿ. ಅಕ್ಕ ಇನ್ನಿಲ್ಲ ಎಂದರು. ತರಗತಿಯಲ್ಲಿ ಹುಡುಗಿಯೊಬ್ಬಳು ಎದ್ದು ನಿಂತು ತಾನು ಬರೆದದ್ದನ್ನು ಓದುತ್ತಲೇ ಇದ್ದಳು. ನಾನು ಅವಳನ್ನು ತಡೆಯಲಿಲ್ಲ, ಫೋನನ್ನೂ ಇಡಲಿಲ್ಲ.