ನಾಲ್ಕನೆಯ ಚಕ್ರ

ಅಣ್ಣನ ಬಲಗೈ ತೋರುಬೆರಳಿನ ಉಗುರು ಯಾವಾಗಲೂ ಬೆಳ್ಳಿಯ ಬಣ್ಣದಲ್ಲಿರುತ್ತಿತ್ತು. ಸ್ಪ್ರೇ ಡಬ್ಬಿ ಒತ್ತುವ ಬೆರಳು ಅದು. ಥಿನ್ನರ್ ಹಾಕಿ ಎಷ್ಟು ಉಜ್ಜಿದರೂ ಉಗುರಿನ ಬುಡದಲ್ಲಿ ಒಂದು ಗೆರೆ ಉಳಿಯುತ್ತಿತ್ತು. ಅನ್ನ ಕಲಸುವಾಗ ಆ ಬೆರಳೊಂದನ್ನು ಮೇಲೆತ್ತಿ ಹಿಡಿದುಕೊಳ್ಳುತ್ತಿದ್ದ.

ಅವನು ಗಲ್ಫಿನಲ್ಲಿ, ಶುವೈಖ್‌ನ ಗ್ಯಾರೇಜೊಂದರಲ್ಲಿ ಪೇಂಟರ್. ನಾನು ಮಹಬೂಲಾದ ಹೋಟೆಲಿನಲ್ಲಿ ಪರೋಟ ಮಾಡುವವನು, ಓದಿದ್ದು ಏಳನೆಯ ಕ್ಲಾಸು. ಇಬ್ಬರೂ ಒಂದೇ ರೂಮಿನಲ್ಲಿದ್ದೆವು. ಶುಕ್ರವಾರ ನಮ್ಮ ಕಟ್ಟಡದ ಹಿಂದಿನ ಮರಳಿನ ಜಾಗದಲ್ಲಿ ಅವನು ಊರಿನವರ ಹಳೆ ಕಾರುಗಳ ಚಕ್ರಕ್ಕೆ ಬಣ್ಣ ಹೊಡೆದುಕೊಡುತ್ತಿದ್ದ. ಬರುವವರೆಲ್ಲ ಹೊಸ ರಿಮ್ ಕೊಳ್ಳಲು ಆಗದವರು. ಬಣ್ಣದ ಡಬ್ಬಿ ಅವರು ತರಬೇಕು, ಊಟ ನಮ್ಮಲ್ಲಿ, ಮಜೂರಿ ಇಲ್ಲ, ಅಷ್ಟೇ. ಕೆಲಸ ಮುಗಿದ ಮೇಲೆ ಸೊಂಟಕ್ಕೆ ಕೈಯಿಟ್ಟು ದೂರ ನಿಂತು ಹೇಳುತ್ತಿದ್ದ, "ಕಾರು ಅದೇ ಮುದುಕ. ಚಪ್ಪಲಿ ಮಾತ್ರ ಹೊಸತು."

ಚಕ್ರ ಬಿಚ್ಚಿ, ಸಾಬೂನಿನಿಂದ ತೊಳೆದು, ಸ್ಯಾಂಡ್ ಪೇಪರಿನಿಂದ ಉಜ್ಜಿ, ಟೈರಿಗೂ ರಿಮ್ಮಿಗೂ ನಡುವೆ ಸುತ್ತಲೂ ಇಸ್ಪೀಟ್ ಎಲೆಗಳನ್ನು ಸಿಕ್ಕಿಸುತ್ತಿದ್ದ. ಬಣ್ಣ ಎಲೆಗಳ ಮೇಲೆ ಬೀಳುತ್ತಿತ್ತು, ಟೈರಿಗೆ ತಾಗುತ್ತಿರಲಿಲ್ಲ. ಆಮೇಲೆ ನಟ್ಟು ಕೂರುವ ಐದು ತೂತಿಗೂ ಪೇಪರ್ ಸುರುಳಿ ಮಾಡಿ ತುರುಕುತ್ತಿದ್ದ. "ನಟ್ಟು ರಿಮ್ಮನ್ನೇ ಕಚ್ಚಬೇಕು, ಬಣ್ಣ ಕಚ್ಚಬಾರ್ದು. ಚಕ್ರ ಬಿಸಿಯಾದ್ರೆ ಬಣ್ಣ ಸವೀತದೆ, ನಟ್ಟು ಸಡಿಲ ಆಗ್ತದೆ," ಎಂದು ನನಗೆ ಎಷ್ಟು ಸಲ ಹೇಳಿದ್ದನೋ. ನಾನು ಅವಸರ ಮಾಡಿದರೆ, "ತಡಿ ಮಾರಾಯ, ಬಣ್ಣಕ್ಕೆ ನಿನ್ನ ಡ್ಯೂಟಿ ಟೈಮ್ ಗೊತ್ತುಂಟಾ?" ಎನ್ನುತ್ತಿದ್ದ.

ಆ ಶುಕ್ರವಾರ ಬಂದದ್ದು ರಿಗ್ಗೈಯಲ್ಲಿರುವ ನಮ್ಮೂರಿನವರೊಬ್ಬರ ಕಾರು. ಸಂಜೆ ಒಯ್ಯುತ್ತೇನೆ ಎಂದು ಬಿಟ್ಟುಹೋಗಿದ್ದರು. ಮೂರು ಚಕ್ರ ಮುಗಿಸಿ ಅಣ್ಣ ಸ್ನಾನಕ್ಕೂ ಊಟಕ್ಕೂ ಮೇಲೆ ಹೋದ. ನಾಲ್ಕನೆಯದನ್ನು ಉಜ್ಜಿಡು, ಬಂದು ಹೊಡೆಯುತ್ತೇನೆ ಎಂದಿದ್ದ. ನನಗೋ ವಾಲಿಬಾಲ್ ಆಟಕ್ಕೆ ಹೋಗುವ ಆತುರ. ಉಜ್ಜಿ, ಎಲೆ ಸಿಕ್ಕಿಸಿ, ನಾನೇ ದಪ್ಪಗೆ ಹೊಡೆದುಬಿಟ್ಟೆ. ತೂತಿಗೆ ಕಾಗದ ತುರುಕಲಿಲ್ಲ. ಬಿಸಿಲಿಗೆ ಬೇಗ ಒಣಗಿತು. ಅಣ್ಣ ಇಳಿದು ಬರುವಷ್ಟರಲ್ಲಿ ಚಕ್ರ ಕೂರಿಸಿ ನಟ್ಟು ಬಿಗಿದಾಗಿತ್ತು.

"ಕಾಗದ ತುರುಕಿದ್ದಿ ಅಲ್ವಾ?"

"ಹೂಂ," ಎಂದೆ.

ಅವನು ನಂಬಿದ.

ಮರುದಿನ ಸಂಜೆ ರಿಗ್ಗೈಯವರು ನಮ್ಮ ಕಟ್ಟಡದ ಕೆಳಗೆ ಬಂದು ಅಣ್ಣನನ್ನು ಕರೆದರು. ಹೆದ್ದಾರಿಯಲ್ಲಿ ಹಿಂದಿನ ಚಕ್ರ ನಡುಗಿದೆ. ಬದಿಗೆ ನಿಲ್ಲಿಸಿ ನೋಡಿದರೆ ಎರಡು ನಟ್ಟು ಕೈಯಲ್ಲೇ ತಿರುಗುತ್ತಿದ್ದವಂತೆ.

"ನನ್ನ ಇಬ್ರು ಮಕ್ಳಿದ್ರು ಅದ್ರಲ್ಲಿ. ಇಷ್ಟು ವರ್ಷ ಗ್ಯಾರೇಜಲ್ಲಿ ನೀವು ಕಲ್ತದ್ದು ಇದೇನಾ?" ಊರಿನ ನಾಲ್ಕು ಜನ ಅಲ್ಲೇ ನಿಂತಿದ್ದರು. ನಾನೂ ನಿಂತಿದ್ದೆ.

ಅಣ್ಣ ಕುಕ್ಕರಗಾಲಿನಲ್ಲಿ ಕೂತು ಒಂದು ನಟ್ಟು ಬಿಚ್ಚಿದ. ತೂತಿನ ಅಂಚಿಗೆ ಉಗುರು ತಾಗಿಸಿದ. ಬಣ್ಣ ಸಿಪ್ಪೆಯ ಹಾಗೆ ಎದ್ದು ಬಂತು. ತಲೆಯೆತ್ತಿ ನನ್ನನ್ನು ಒಮ್ಮೆ ನೋಡಿದ. ನಾನು ನೆಲ ನೋಡಿದೆ.

"ತಪ್ಪಾಯ್ತು ಮಾರಾಯ್ರೆ," ಎಂದ ಅವರಿಗೆ. "ನಾನು ಬಿಚ್ಚಿ ನೋಡ್ಬೇಕಿತ್ತು." ಆ ಐದು ತೂತುಗಳನ್ನೂ ಕೆರೆದು ಸ್ವಚ್ಛ ಮಾಡಿ, ನಟ್ಟು ಬಿಗಿದುಕೊಟ್ಟ.

ಸುದ್ದಿ ಹಬ್ಬಿತು. ಆಮೇಲೆ ಶುಕ್ರವಾರ ಯಾರೂ ಕಾರು ತರಲಿಲ್ಲ. ಆದರೂ ಅಣ್ಣ ಅಭ್ಯಾಸದಂತೆ ಕೆಳಗಿಳಿದು, ಮರಳಿನಲ್ಲಿ ಸ್ವಲ್ಪ ಹೊತ್ತು ನಿಂತು, ಮೇಲೆ ಬಂದು ಮಲಗುತ್ತಿದ್ದ. ಉಗುರಿನ ಗೆರೆ ಗ್ಯಾರೇಜಿನ ಬಣ್ಣಗಳಿಗೆ ತಿರುಗಿತು, ಒಮ್ಮೆ ಬಿಳಿ, ಒಮ್ಮೆ ಕಪ್ಪು. ಒಂದು ದಿನವೂ ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ಒಪ್ಪಿಕೊಳ್ಳುತ್ತಿದ್ದೆ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡೆ. ಅದೂ ಸುಳ್ಳು.

ಅಣ್ಣ ಕೆಲಸ ಬಿಟ್ಟು ಊರಿಗೆ ಹೊರಟ ದಿನ, ಏರ್‌ಪೋರ್ಟಿನ ಬಾಗಿಲಲ್ಲಿ ರಬ್ಬರ್ ಬ್ಯಾಂಡ್ ಹಾಕಿದ ಇಸ್ಪೀಟ್ ಎಲೆಗಳನ್ನು ನನ್ನ ಕೈಗಿಟ್ಟ. ಬಣ್ಣ ಒಣಗಿ ಅವುಗಳ ಅಂಚು ಗಟ್ಟಿಯಾಗಿತ್ತು. "ಇಟ್ಕೋ, ಯಾರಾದ್ರೂ ಕೇಳಿದ್ರೆ ಮಾಡಿಕೊಡು," ಎಂದ. ಎರಡು ಹೆಜ್ಜೆ ಹೋಗಿ ತಿರುಗಿದ. "ತೂತಿಗೆ ಕಾಗದ ಮರೀಬೇಡ, ಆಯ್ತಾ?"

ಅದೇ ವರ್ಷ ಎದೆನೋವಿನಿಂದ ತೀರಿಕೊಂಡ. ನನಗೆ ಹೋಗಲಾಗಲಿಲ್ಲ. ಮಾತಾಡಿಸಿ ಹೋಗಲು ರೂಮಿಗೆ ಬಂದವರಲ್ಲಿ ರಿಗ್ಗೈಯವರೂ ಇದ್ದರು. ನನ್ನ ಹೆಗಲ ಮೇಲೆ ಕೈಯಿಟ್ಟು, "ಬಾರೀ ಒಳ್ಳೆ ಜನ ಮಾರಾಯ ನಿನ್ನ ಅಣ್ಣ. ಆ ಚಕ್ರದ್ದೊಂದು ಬಿಟ್ರೆ ಅವರ ಕೆಲಸಕ್ಕೆ ಹೆಸರಿಡ್ಲಿಕ್ಕಿಲ್ಲ," ಎಂದರು. ನಾನು ತಲೆಯಾಡಿಸಿದೆ. ಅವರಿಗೆ ಚಹಾ ಕೊಟ್ಟೆ.

ಇದನ್ನು ಊರಿನವರ ಗ್ರೂಪಿಗೆ ಹಾಕುತ್ತಿದ್ದೇನೆ, ರಿಗ್ಗೈಯವರೂ ಓದುತ್ತಾರೆ. ಹಿಂದಿನ ಎಡಗಡೆಯ ಚಕ್ರಕ್ಕೆ ಬಣ್ಣ ಹೊಡೆದದ್ದು ನಾನು.