ತುಟಿಯ ಮಾತು

ನಮ್ಮೂರು ಹುಟ್ಟಿದ್ದೇ ಮಿಲ್ಲಿನಿಂದ. ಹೊನ್ನಾಳಿಯಿಂದ ನ್ಯಾಮತಿಗೆ ಹೋಗುವ ದಾರಿಯಲ್ಲಿ ಮೊದಲು ಬರೀ ಹೊಲಗಳಿದ್ದವಂತೆ. ನೂಲಿನ ಮಿಲ್ಲು ಹಾಕಿದ ಸಾಹುಕಾರರು ಅದರ ಬೆನ್ನಿಗೇ ಎರಡು ಸಾಲು ಹಂಚಿನ ಮನೆ ಕಟ್ಟಿಸಿದರು. ಜಗಳೂರು ಕಡೆಯಿಂದ ನಮ್ಮಪ್ಪ ಬಂದ. ಚನ್ನಗಿರಿ, ಬಸವಾಪಟ್ಟಣಗಳಿಂದ ಮುಸ್ಲಿಂ ಮನೆಯವರು ಬಂದರು. ಯಾರಿಗೂ ಇದು ಹುಟ್ಟೂರಲ್ಲವಾದ್ದರಿಂದ ಯಾರೂ ಯಾರನ್ನೂ ಹೊರಗಿನವರು ಎನ್ನಲಿಲ್ಲ. ಸೈರನ್ ಕೂಗಿದರೆ ಏಳುತ್ತಿದ್ದೆವು, ಕೂಗಿದರೆ ಉಣ್ಣುತ್ತಿದ್ದೆವು. ಮಿಲ್ಲು ಮುಚ್ಚಿ ಯಂತ್ರಗಳು ಗುಜರಿಗೆ ಹೋದವು. ಈಗ ಅಲ್ಲಿ ಮೆಕ್ಕೆಜೋಳದ ಗೋದಾಮಿದೆ. ಬಸ್ಸಿನವರು ಮಾತ್ರ ಇವತ್ತಿಗೂ 'ಮಿಲ್ ಲೈನು, ಮಿಲ್ ಲೈನು' ಎಂದೇ ಕೂಗುತ್ತಾರೆ.

ನಾನು ಮದುವೆಯಾದ ವರ್ಷವೇ ಕೆಲಸಕ್ಕೆ ಸೇರಿದೆ. ಪಕ್ಕದ ಯಂತ್ರದಲ್ಲಿದ್ದವಳು ಪಕ್ಕದ ಮನೆಯವಳೇ. ನನಗಿಂತ ಎರಡು ವರ್ಷ ದೊಡ್ಡವಳು, ಅವರ ಮನೆಮಾತಿನಲ್ಲಿ ಅಕ್ಕನಿಗೆ ಹೇಳುವಂತೆ ಆಪಾ ಎನ್ನುತ್ತಿದ್ದೆ. ಒಳಗಿನ ಸದ್ದಿನಲ್ಲಿ ಕಿವಿಗೆ ಬಾಯಿಟ್ಟು ಕಿರುಚಿದರೂ ಕೇಳುತ್ತಿರಲಿಲ್ಲ. ಹಾಗಾಗಿ ಹೆಂಗಸರೆಲ್ಲ ದನಿಯಿಲ್ಲದೆ ಬರೀ ತುಟಿ ಆಡಿಸಿ ಮಾತಾಡುವುದನ್ನು ಕಲಿತಿದ್ದೆವು. ಕಡಿದ ನೂಲಿಗೆ ಗಂಟು ಹಾಕುತ್ತಲೇ ಬಸುರು, ಬಾಣಂತನ, ಅತ್ತೆಯ ಕಾಟ ಎಲ್ಲವನ್ನೂ ಹೇಳಿಕೊಂಡಿದ್ದೇವೆ. ಮನೆಗೆ ಬಂದರೂ ಅದೇ ರೂಢಿ. ಮಿಲ್ಲು ಮುಚ್ಚಿ ಅಡಿಕೆ ಸುಲಿಯಲು ಹೋಗತೊಡಗಿದ ಮೇಲೂ ಅದು ಬಿಡಲಿಲ್ಲ. ಅಷ್ಟರಲ್ಲಿ ಆಪಾಳ ಕಿವಿ ಮಂದವಾಗುತ್ತ ಹೋಗಿ, ಕೊನೆಗೆ ಕೂಗಿ ಹೇಳಿದರೂ ಸರಿಯಾಗಿ ಕೇಳದಾಯಿತು.

ಈಚೆಗೆ ಒಂದು ದಿನ ಅವಳ ಸೊಸೆ ಬಂದಳು.

"ಅಮ್ಮಾ, ಕೂಗಿ ಕೂಗಿ ನನ್ ಗಂಟ್ಲು ಬಿದ್ದೋಗೈತೆ. ಅತ್ತೆನ ದಾವಣಗೆರೆಗೆ ತೋರ್ಸಾಕೆ ಕರ್ಕೊಂಡು ಹೋಗ್ಬೇಕು. ಡಾಕ್ಟ್ರು ಏನಾದ್ರೂ ಕೇಳಿದ್ರೆ ಅತ್ತೆಗೆ ತಿಳ್ಸಾಕೆ ನೀವೇ ಬೇಕು. ಮನೇಲಿ ಮಕ್ಕಳದಾವೆ, ನನಗೆ ಬರಾಕಾಗಲ್ಲ."

ನನ್ನ ಮೊಣಕಾಲು ನೋಯುತ್ತಿತ್ತು. ಆದರೂ ಹೂಂ ಅಂದೆ.

ಎರಡು ಬಸ್ಸು ಬದಲಿಸಿ ಹೋದೆವು. ಅರ್ಧ ದಿನ ಬೆಂಚಿನ ಮೇಲೆ ಕಾದೆವು. ಡಾಕ್ಟರು ನನ್ನನ್ನು ಕೇಳುವುದು, ನಾನು ತುಟಿಯಲ್ಲಿ ಆಪಾಳನ್ನು ಕೇಳುವುದು, ಅವಳು ಬಾಯಿಬಿಟ್ಟು ಹೇಳುವುದು. ಹೀಗೇ ನಡೆಯಿತು.

"ನೀವೂ ಅದೇ ಮಿಲ್ಲಲ್ಲಿ ಇದ್ರಾ? ನಿಮ್ಮ ಕಿವಿನೂ ನೋಡೋಣ ಬನ್ನಿ," ಎಂದರು ಡಾಕ್ಟರು.

"ನನಗೇನಾಗಿಲ್ಲ ಸಾರ್," ಅಂದೆ. ಸುಳ್ಳು. ಫೋನಿನ ಸದ್ದು ಕೇಳದೆ ಎಷ್ಟೋ ದಿನವಾಗಿತ್ತು. ಆದರೆ ನನ್ನ ಕಿವಿಗೆಂದು ಇನ್ನೊಂದು ಸಲ ಓಡಾಡುವ ತ್ರಾಣ ನನ್ನಲ್ಲಿರಲಿಲ್ಲ.

ಕಿವಿಗೆ ಮಿಷನ್ ಹಾಕಿದ ಕೂಡಲೇ ಆಪಾ ಬೆಚ್ಚಿಬಿದ್ದು ಮೇಲಿನ ಫ್ಯಾನು ನೋಡಿದಳು. "ಇದೇನ್ ತಂಗಿ, ಮಿಲ್ಲು ಮತ್ತೆ ಶುರುವಾತಾ?" ಡಾಕ್ಟರು ನಕ್ಕರು. ನನಗೆ ನಗು ಬರಲಿಲ್ಲ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ನಾನು ಬಾಯಿಬಿಟ್ಟು, "ಆಪಾ, ಕೇಳ್ತೈತಾ?" ಅಂದೆ. ಅವಳು ನನ್ನ ಮುಖವನ್ನೇ ನೋಡಿದಳು.

"ನಿನ್ ದನಿ ಹಿಂಗೈತಾ?"

"ಹೆಂಗೈತೆ?"

"ದಣಿದಂಗೈತೆ ಕಣೇ. ತುಟಿ ನೋಡಿದ್ರೆ ಹಂಗೆ ಗೊತ್ತಾಗ್ತಿರ್ಲಿಲ್ಲ."

ನಾನು ಟಿಕೆಟ್ಟು ಮಡಚಿ ಕೈಚೀಲಕ್ಕೆ ಹಾಕಿಕೊಂಡೆ.

ಬಸ್ಸಿಳಿದು ಗೋದಾಮಿನ ಪಕ್ಕದಲ್ಲಿ ನಿಂತು ನಿಂತು ನಡೆಯುತ್ತಿದ್ದೆವು. ಆಪಾ ತಟ್ಟನೆ ತಿರುಗಿ, "ಅದೇನದು, ಸುರ್ ಅಂತ?" ಅಂದಳು. ನನಗೇನೂ ಕೇಳಿರಲಿಲ್ಲ. ಅತ್ತ ನೋಡಿದರೆ ಲಾರಿಯಿಂದ ಜೋಳ ಸುರಿಯುತ್ತಿದ್ದರು. ಆಪಾ ಜೋಳ ಬಿಟ್ಟು ನನ್ನನ್ನು ನೋಡಿದಳು. ಅವಳಿಗೆ ಅರ್ಥವಾಗಿತ್ತು.

"ಡಾಕ್ಟ್ರಿಗ್ಯಾಕೆ ಹೇಳ್ಲಿಲ್ಲ?"

"ಸಾಕಾಗಿತ್ತು ಆಪಾ."

ಅವಳು ಬೈಯಲಿಲ್ಲ. ನನ್ನ ಕೈಚೀಲವನ್ನೂ ತಾನೇ ಇಸಕೊಂಡು ಮುಂದೆ ನಡೆದಳು.